ಚೈನಾ ಅನ್ನೋ ಲೇಡಿ ರೆಸ್ಲರ್ ಖರೇನೇ ಗಂಡಸರನ್ನ ಸೋಲಿಸಿದ್ಳಾ? ಬಾಡಿಬಿಲ್ಡಿಂಗ್ ಮಾಡೋ ನನ್ ತಂಗಿ ರೆಸ್ಲರ್ ಆಗಬಹುದಾ?

ಸೋಲಿಸಿದ್ಳು, ರೆಕಾರ್ಡ್‌ದಾಗ ಅದ. ಆದ್ರ ಆ ಟಿವಿ ರೆಸ್ಲಿಂಗ್‌ದಾಗ ಯಾರು ಗೆಲ್ಲಬೇಕು ಅನ್ನೋದು ಮೊದ್ಲೇ ಕೂತು ಬರದಿಟ್ಟಿರ್ತಾರ, ಹಂಗಾಗಿ ನಮ್ ಜಾತ್ರಿ ಕುಸ್ತಿ ಲೆಕ್ಕದಾಗ ಹೇಳ್ಬೇಕಂದ್ರ ಅದು ಗೆಲುವೂ ಅಲ್ಲ ಸೋಲೂ ಅಲ್ಲ. ನಾ ಕಲಬುರ್ಗಿಯಾಂವ, ಇಲ್ಲಿ ತಾಲೀಮ್‌ದಾಗ ಮಣ್ಣು ಹಚ್ಕೊಂಡ್ ಬೆಳದ ಹಳೆ ಪೈಲ್ವಾನರಿಗೆ ಚೈನಾ ಆಡ್ತಿದ್ದ ಅಮೆರಿಕಾದ ಕಂಪನಿ ಡಬ್ಲ್ಯೂಡಬ್ಲ್ಯೂಎಫ್ (ಈಗಿನ ಡಬ್ಲ್ಯೂಡಬ್ಲ್ಯೂಇ) ಅಂದ್ರ ಸಾಕು ನಗ್ತಾರ, ಬೆಳ್ಳಿ ಕಡಗಕ್ಕ ಹಿಡಿಯೋ ಕುಸ್ತಿ ಬ್ಯಾರೆ, ಇದು ನಾಟಕ ಅಂತಾರ. ನಾಟಕಾನೇ ರೀ, ಯಾರು ಇಲ್ಲ ಅಂದ್ರು? ಬಯಲಾಟದಾಗ ಭೀಮನ ಪಾತ್ರ ಮಾಡಾಂವ ಯಾರನ್ನೂ ಕೊಲ್ಲೋದಿಲ್ಲ, ಆದ್ರ ಆಂವ ಭೀಮ ಅಂತ ಮಂದಿ ನಂಬಬೇಕಲ್ಲ. ಚೈನಾ ಕಥಿ ಪೂರಾ ಈ ನಂಬಿಕಿ ಮ್ಯಾಲೇ ನಿಂತದ.

ಆಕಿ ಖರೇ ಹೆಸ್ರು ಜೋನಿ ಲಾರರ್, ಹುಟ್ಟಿದ್ದು 1969 ಡಿಸೆಂಬರ್ 27ಕ್ಕ, ಅಮೆರಿಕಾದ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಊರಾಗ. ಟ್ಯಾಂಪಾ ಯೂನಿವರ್ಸಿಟಿದಾಗ ಸ್ಪ್ಯಾನಿಶ್ ಸಾಹಿತ್ಯ ಓದ್ಯಾಳ, ಇದು ಕೇಳಿದ್ರ ಎಷ್ಟೋ ಮಂದಿ ನಂಬೋದಿಲ್ಲ. ಜಿಮ್ ಹುಚ್ಚು ಮೊದಲಿಂದ ಇತ್ತು, ಫಿಟ್‌ನೆಸ್ ಕಾಂಪಿಟಿಷನ್‌ಗೆ ಹೋಗ್ತಿದ್ಳು, ಆದ್ರ ಅಲ್ಲಿ ಉಳಿದ ಹುಡುಗ್ಯಾರ ಮುಂದ ಈಕಿ ಮೈ ಭಾಳ ದೊಡ್ಡದು, ಎತ್ತರ ಐದಡಿ ಹತ್ತಿಂಚು, ಮ್ಯಾಲ ಆ ಮಸಲ್, ಹಂಗಾಗಿ ಬಹಳ ಸಲ ಕೊನೀ ನಂಬರ್ರೇ ಬರ್ತಿತ್ತಂತ. ಯಾವ ಮೈ ನೋಡಿ ಜಡ್ಜ್‌ಗಳು ಮಾರ್ಕ್ಸ್ ಕಟ್ ಮಾಡಿದ್ರೋ ಅದೇ ಮೈ ಮುಂದ ಆಕಿಗೆ ಅನ್ನ ಹಾಕ್ತು.

ಆದ್ರ ಬರೇ ಮೈ ತೋರ್ಸಿ ಒಳಗ ಹೋಗಿಲ್ಲ ಆಕಿ, ಇದನ್ನ ನಿಮ್ ತಂಗಿಗೆ ಹೇಳ್ರಿ. ಮ್ಯಾಸಚೂಸೆಟ್ಸ್‌ದಾಗ ಮಾಲ್ಡನ್ ಅಂತ ಊರದ, ಅಲ್ಲಿ ಕಿಲ್ಲರ್ ಕೊವಾಲ್‌ಸ್ಕಿ ಅನ್ನೋ ಹಳೆ ರೆಸ್ಲರ್‌ದು ಟ್ರೈನಿಂಗ್ ಸ್ಕೂಲ್ ಇತ್ತು, ಮುಂದ ದೊಡ್ಡ ರೆಸ್ಲರ್ ಆದ ಟ್ರಿಪಲ್ ಎಚ್ ಕಲ್ತಿದ್ದೂ ಅಲ್ಲೇ, ಅದ್ರಾಗ ಸೇರಿ ಕಲ್ತು 1995ರಿಂದ ಸಣ್ಣ ಸಣ್ಣ ಶೋ ಮಾಡಿದ್ಳು. ಆಮ್ಯಾಲ ಟ್ರಿಪಲ್ ಎಚ್, ಇನ್ನೊಬ್ಬ ರೆಸ್ಲರ್ ಶಾನ್ ಮೈಕಲ್ಸ್ ಇಬ್ರೂ ಆಕಿನ್ನ ನೋಡಿ ಬಾಡಿಗಾರ್ಡ್ ಮಾಡೋಣು ಅಂದ್ರ ಡಬ್ಲ್ಯೂಡಬ್ಲ್ಯೂಎಫ್ ಮಾಲಕ ವಿನ್ಸ್ ಮ್ಯಾಕ್‌ಮಹನ್ ಒಪ್ಪವಲ್ಲ, ಹೆಣ್ಮಗಳು ಗಂಡಸರಿಗೆ ಹೊಡದ್ರ ಮಂದಿ ಎಲ್ಲಿ ನಂಬ್ತಾರ ಅಂತ. ಕೊನಿಗೆ 1997 ಫೆಬ್ರವರಿದಾಗ ಚಟ್ಟನೂಗಾ ಊರಿನ ಶೋದಾಗ ಪ್ರೇಕ್ಷಕರ ನಡುವಿಂದ ಎದ್ದು ಬಂದು ಗೋಲ್ಡಸ್ಟ್ ಅನ್ನೋ ರೆಸ್ಲರ್‌ನ ಜೋಡಿ ಇದ್ದ ಮಾರ್ಲೀನಾಳ ಕುತ್ತಿಗಿ ಹಿಡದ್ಳು, ಮಾತಿಲ್ಲ ಕಥಿ ಇಲ್ಲ, ಮಂದಿ ನಂಬಿದ್ರು!

ನಮ್ ಓಣ್ಯಾಗ ಆಗ ಕೇಬಲ್ ಇದ್ದ ಮನಿ ಅಂದ್ರ ಸಂಜಿ ಮುಂದ ಹುಡುಗ್ರ ಜಾತ್ರಿ. ಊರಿಗೆ ಇನ್ನಾ ಗುಲ್ಬರ್ಗಾ ಅಂತಿದ್ರು. ಸೂಪರ್ ಮಾರ್ಕೆಟ್ ಕಡಿ ಟ್ರಂಪ್ ಕಾರ್ಡ್ ತಂದು ಎದಿ ಎಷ್ಟು, ಬೈಸೆಪ್ಸ್ ಎಷ್ಟು ಅಂತ ಆಡೋರು, ಚೈನಾ ಬಂದ್ಳಂದ್ರ ಎಲ್ರೂ ಟಿವಿ ಹತ್ರ ಸರಿಯೋರು, ಹೊಡದ್ರೆ ನಗು, ಹೊಡಸ್ಕೊಂಡ್ರ ಸಿಟ್ಟು. ನಮ್ ಅತ್ತಿ ಒಬ್ಬಾಕಿ ಇಂಗ್ಲೀಷ್ ಒಂದಕ್ಷರ ಬರ್ಲಿಕ್ಕಿಲ್ಲ, ರೊಟ್ಟಿ ಬಡಿಯೋದು ಬಿಟ್ಟು ಬಾಗಿಲಾಗ ನಿಂತು ನೋಡ್ತಿದ್ಳು, ಬ್ಯಾರೆ ಯಾರ್ ಬಂದ್ರೂ ಒಳಗ ಹೋಗ್ತಿದ್ಳು.

1999 ಆಕಿ ವರ್ಷ. ಜನವರಿದಾಗ ರಾಯಲ್ ರಂಬಲ್‌ನಾಗ (ಒಬ್ಬೊಬ್ರೇ ಇಳದು ಒಬ್ಬರನ್ನೊಬ್ರು ರಿಂಗ್ ಹೊರಗ ಒಗಿಯೋ ಆಟ) 30ನೇ ನಂಬರ್‌ಗೆ ಬಂದ್ಳು, ಆ ರಿಂಗ್‌ನಾಗ ಅಲ್ಲಿತನ ಒಂದು ಹೆಣ್ಣೂ ಇಳದಿರ್ಲಿಲ್ಲ. ಬಂದಾಕಿ ಮಾರ್ಕ್ ಹೆನ್ರಿಯಂಥ ಗುಡ್ಡದಂಥಾಂವನ್ನ ಹೊರಗ ಹಾಕಿದ್ಳು, ಕೂಡ್ಲೇ ಸ್ಟೋನ್ ಕೋಲ್ಡ್ ಅನ್ನೋ ರೆಸ್ಲರ್ ಈಕಿನ್ನ ಎತ್ತಿ ಒಗದ. ಒಂದು ನಿಮಿಷಾನೂ ಇರ್ಲಿಲ್ಲ ರೀ, ಆದ್ರೂ ಅದನ್ನೇ ನೆನಸ್ತಾರ. ಕಿಂಗ್ ಆಫ್ ದಿ ರಿಂಗ್ ಟೂರ್ನಮೆಂಟ್‌ದಾಗೂ ಮೊದಲ್ನೇ ಹೆಣ್ಣು ಈಕಿನೇ. ಅಕ್ಟೋಬರ್ 17ಕ್ಕ ಕ್ಲೀವ್‌ಲ್ಯಾಂಡ್‌ದಾಗ ಜೆಫ್ ಜ್ಯಾರೆಟ್ ಜೋಡಿ ಮ್ಯಾಚ್. ಆಂವ ಆಗ ಟಿವ್ಯಾಗ ಹೆಂಗಸ್ರೆಲ್ಲ ಅಡಗಿ ಮನ್ಯಾಗ ಇರ್ಬೇಕು ಅಂತ ಒದರೋ ಪಾತ್ರ, ಹಂಗಾಗಿ ರಿಂಗ್ ಸುತ್ತ ಅಡಗಿ ಮನಿ ಸಾಮಾನೇ ಇಟ್ಟಿದ್ರು, ಮನಿ ಸಾಮಾನ್‌ಲೆ ಹೊಡಿಬಹುದು ಅನ್ನೋ ಮ್ಯಾಚ್ ಅದು. ಜ್ಯಾರೆಟ್ ಮೊದ್ಲು ಟೈಟಲ್ ಬೆಲ್ಟ್‌ಲೆ ಹೊಡದು ಗೆದ್ದ, ಬೆಲ್ಟ್ ಮನಿ ಸಾಮಾನಲ್ಲ ಅಂತ ಮ್ಯಾಚ್ ಮತ್ತ ಶುರು ಮಾಡಿದ್ರು, ಈಕಿ ಗಿಟಾರ್‌ಲೆ ಬಡದು ಇಂಟರ್‌ಕಾಂಟಿನೆಂಟಲ್ ಟೈಟಲ್ ಗೆದ್ಳು. (ಗಿಟಾರ್ ಯಾರ್ ಮನಿ ಅಡಗಿ ಸಾಮಾನು ಅಂತ ಕೇಳಬ್ಯಾಡ್ರಿ.) ಆ ಬೆಲ್ಟ್ ಗೆದ್ದ ಮೊದಲ್ನೇ ಹೆಣ್ಣು ಆಕಿ.

ನನ್ ಪ್ರಕಾರ ಟೆಕ್ನಿಕ್‌ದಾಗ ಆಕಿ ಭಾಳ ಶ್ಯಾಣಿ ರೆಸ್ಲರ್ ಏನಲ್ಲ, ಇದನ್ನ ಅಂದ್ರ ಫ್ಯಾನ್ಸ್ ಜಗಳಕ್ಕ ಬರ್ತಾರ. ಆದ್ರ ಕಂಪನಿಗೂ ಆಕಿನ್ನ ಗಂಡಸರ ಜೋಡಿ ಆಡ್ಸೋದು ಬಿಟ್ರ ಮುಂದೇನು ಅಂತ ಗೊತ್ತಾಗ್ಲಿಲ್ಲ. 2001 ಏಪ್ರಿಲ್ 1ಕ್ಕ ರೆಸಲ್‌ಮೇನಿಯಾದಾಗ ಐವರಿ ಅನ್ನಾಕಿನ್ನ ಮೂರು ನಿಮಿಷದೊಳಗ ಮುಗಿಸಿ ಹೆಂಗಸ್ರ ಟೈಟಲ್ ತಗೊಂಡ್ಳು, ನೋಡೋರಿಗೆ ಮಜಾನೇ ಬರ್ಲಿಲ್ಲ, ಎದುರಿನಾಕಿ ತಡಕೊಳ್ತಾಳ ಅಂತ ಯಾರಿಗೂ ಅನಿಸ್ಲೇ ಇಲ್ಲ. ಆ ವರ್ಷ ಮುಗಿಯೋದ್ರಾಗ ಕಂಪನಿ ಬಿಟ್ಳು. 2002ರಾಗ ಜಪಾನ್‌ದಾಗ ಟೋಕಿಯೋ ಡೋಮ್‌ನಾಗ ಅಲ್ಲಿನ ರೆಸ್ಲರ್ ಮಾಸಾಹಿರೋ ಚೋನೋ ಎದುರು ಸೋತ್ಳು. 2011ರಾಗ ಟಿಎನ್‌ಎ ಅನ್ನೋ ಕಂಪನಿದಾಗ ಕರ್ಟ್ ಆಂಗಲ್ ಜೋಡಿ ಕೂಡಿ ಅದೇ ಜೆಫ್ ಜ್ಯಾರೆಟ್, ಆಂವನ ಹೆಂಡ್ತಿ ಇಬ್ರ ಎದುರು ಆಡಿ ಗೆದ್ಳು. ನಡುವಿನ ವರ್ಷಗಳು ಚಲೋ ಇರ್ಲಿಲ್ಲ, ಕುಡಿತ, ಗುಳಿಗಿ, ವಯಸ್ಕರ ಸಿನಿಮಾ, ಅದನ್ನ ಚಪ್ಪರಿಸಿ ಬರಿಯೋ ಮಂದಿ ಬ್ಯಾರೆ ಅದಾರ. ಜಪಾನ್‌ದಾಗ ಸ್ವಲ್ಪ ವರ್ಷ ಇಂಗ್ಲೀಷ್ ಕಲಿಸಿದ್ಳು. 2016 ಏಪ್ರಿಲ್ 20ಕ್ಕ ಕ್ಯಾಲಿಫೋರ್ನಿಯಾದ ಮನ್ಯಾಗ ತೀರ್ಕೊಂಡಿದ್ದು ಗೊತ್ತಾಯ್ತು, 46 ವಯಸ್ಸು. ಡಬ್ಲ್ಯೂಡಬ್ಲ್ಯೂಇ ಹಾಲ್ ಆಫ್ ಫೇಮ್‌ಗೆ 2019ರಾಗ ಹಾಕಿದ್ರು, ಅದೂ ಒಬ್ಬಾಕಿನ್ನ ಅಲ್ಲ, ಟ್ರಿಪಲ್ ಎಚ್, ಮೈಕಲ್ಸ್ ಜೋಡಿ ಆಕಿ ಇದ್ದ ಡಿ-ಜನರೇಶನ್ ಎಕ್ಸ್ ಗುಂಪಿನ ಜೋಡಿ. ನನಗಂತೂ ಇದು ಅರ್ಧ ಮರ್ಯಾದಿ ಅನಿಸ್ತದ.

ಇನ್ನ ನಿಮ್ ತಂಗಿ ವಿಷಯ. ನಿಕೋಲ್ ಬಾಸ್ ಅಂತ ಇದ್ಳು, ಚೈನಾಗಿಂತ ದೊಡ್ಡಾಕಿ, ಆರಡಿ ಎರಡಿಂಚು, 1997ರಾಗ ಅಮೆರಿಕಾದ ಎನ್‌ಪಿಸಿ ನ್ಯಾಷನಲ್ಸ್ ಬಾಡಿಬಿಲ್ಡಿಂಗ್ ಗೆದ್ದಾಕಿ. 1999ರ ರೆಸಲ್‌ಮೇನಿಯಾಕ್ಕ ಸೇಬಲ್ ಅನ್ನೋ ಲೇಡಿ ರೆಸ್ಲರ್‌ಗೆ ಬಾಡಿಗಾರ್ಡ್ ಅಂತ ಬಂದ್ಳು, ಕೆಲವೇ ತಿಂಗಳಿಗೆ ಆ ಕಂಪನಿದಾಗಿಂದ ಹೋದ್ಳು. ಮೈ ಅಷ್ಟೇ ಸಾಕಾಗಿದ್ರ ಆಕಿ ಚೈನಾನ ಮೀರಿಸ್ಬೇಕಿತ್ತು. ಈ ಕಡಿ ಹರಿಯಾಣದ ಕವಿತಾ ದೇವಿ ನೋಡ್ರಿ, ವೇಟ್‌ಲಿಫ್ಟರ್, 2016ರ ಸೌತ್ ಏಷ್ಯನ್ ಗೇಮ್ಸ್‌ನಾಗ ಚಿನ್ನ, ಆಮ್ಯಾಲ ಜಲಂಧರ್‌ದಾಗ ಖಲಿ ಅಕಾಡೆಮಿದಾಗ ಕಲ್ತು 2017ರಾಗ ಸಲ್ವಾರ್ ಕಮೀಜ್ ಹಾಕ್ಕೊಂಡೇ ಡಬ್ಲ್ಯೂಡಬ್ಲ್ಯೂಇ ರಿಂಗ್‌ಗೆ ಇಳದ್ಳು.

ಹಂಗಾಗಿ ತಂಗಿಗೆ ಬೈಸೆಪ್ಸ್ ಬಿಟ್ಟು ಮೊದ್ಲು ಬೀಳೋದು ಕಲಿ ಅನ್ರಿ. ಗದ್ದ ಎದಿಗೆ ಒತ್ತಿ, ಬೆನ್ನು ಮ್ಯಾಟಿಗೆ ಒಮ್ಮೆಲೇ ಪೂರಾ ತಾಗೋ ಹಂಗ, ಎರಡೂ ಕೈ ಬದಿಗೆ ಬಡೀಬೇಕು, ತಲಿ ಮ್ಯಾಟಿಗೆ ತಾಗಬಾರ್ದು. ಇದನ್ನ ಯೂಟ್ಯೂಬ್ ನೋಡಿ ಮನ್ಯಾಗ ಹಾಸಿಗಿ ಮ್ಯಾಲ ಮಾಡಬ್ಯಾಡ ಅಂತ ಗಟ್ಟಿ ಹೇಳ್ರಿ, ಕುತ್ತಿಗಿ ಕೆಲಸ ಅದು, ಕಲಿಸೋರು ಎದುರಿಗಿರಬೇಕು.