ತುಮಕೂರಿನ ನಮ್ಮ ಹಾಕಿ ತಂಡ 38 ದಾಟಿದ ಹಿರಿಯ ಆಟಗಾರರನ್ನೇ ಇನ್ನೂ ನೆಚ್ಚಿಕೊಳ್ಳಬಹುದೇ?

ತಂಡದಲ್ಲಿ ಖಂಡಿತ ಉಳಿಸಿಕೊಳ್ಳಿ. ಇಡೀ ಆಟದ ಭಾರವನ್ನು ಮಾತ್ರ ಅವರ ಮೇಲೆ ಹೊರಿಸಬೇಡಿ. ವಯಸ್ಸು ಮೊದಲು ಕಸಿಯುವುದು ವೇಗವನ್ನು, ಒಂದು ಓಟದ ದಣಿವಾರಿಸಿಕೊಂಡು ಮತ್ತೊಂದಕ್ಕೆ ಸಜ್ಜಾಗುವ ಶಕ್ತಿಯನ್ನು. ಚೆಂಡು ಎತ್ತ ಬರುತ್ತದೆಂದು ಮೊದಲೇ ಗ್ರಹಿಸುವ ಕಣ್ಣು ಅಷ್ಟು ಬೇಗ ಮಂಕಾಗುವುದಿಲ್ಲ. ಭಾರತ ತಂಡದ ಗೋಲ್‌ಕೀಪರ್ ಶ್ರೀಜೇಶ್ 36ರ ವಯಸ್ಸಿನಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ಕಂಚು ಗೆದ್ದರು ನಿಜ, ಆದರೆ ಗೋಲ್‌ಕೀಪರ್‌ಗೆ ಓಟ ಕಡಿಮೆ.

ಹಾಕಿಯಲ್ಲಿ ಆಟಗಾರರನ್ನು ಎಷ್ಟು ಬಾರಿಯಾದರೂ ಬದಲಿಸಬಹುದು. 15 ನಿಮಿಷದ ಪ್ರತಿ ಕ್ವಾರ್ಟರ್‌ನಲ್ಲೂ ಹಿರಿಯರಿಗೆ ಬಿಡುವು ಕೊಟ್ಟು, ಹಿಂಬದಿಯಲ್ಲಿ ಆಡಿಸಿ. ಅಪಾಯವಿರುವುದು ಪೆನಾಲ್ಟಿ ಕಾರ್ನರ್‌ನಲ್ಲಿ, ಅಂದರೆ ಎದುರಾಳಿ ತನ್ನ ಗೋಲಿನ ಬಳಿ ತಪ್ಪೆಸಗಿದಾಗ ಸಿಗುವ ಹೊಡೆತದ ಅವಕಾಶದಲ್ಲಿ: ಅದು ಸಿಕ್ಕ ಮೇಲೆ, ಮುಗಿಯುವವರೆಗೆ ಹೊರಗಿರುವವರನ್ನು ಒಳಗೆ ಕರೆಯುವಂತಿಲ್ಲ. ಕಾರ್ನರ್ ಹೊಡೆಯಬಲ್ಲವರು ಆ ಹಿರಿಯರಲ್ಲಿ ಒಬ್ಬರೇ ಆಗಿದ್ದು, ಆ ಕ್ಷಣ ಬೆಂಚಿನಲ್ಲಿದ್ದರೆ ಗೋಲಿನ ಅವಕಾಶವೇ ಕೈತಪ್ಪೀತು. ಈ ವರ್ಷವೇ ಒಬ್ಬ ಹುಡುಗನನ್ನು ಅವರ ಕೈಯಲ್ಲೇ ಪಳಗಿಸಿ.