ಸೈಲೆಂಟ್ ಪುಶ್ ಕಳಿಸಿದರೂ ಮ್ಯಾಪಿನಲ್ಲಿ ಜೀಪು ನಿಂತಲ್ಲೇ ನಿಂತಿರುತ್ತದೆ, ಯಾಕೆ?

ಮಡಿಕೇರಿಯಿಂದ ಮಾಂದಲಪಟ್ಟಿಗೆ ಓಡುವ ಜೀಪುಗಳ ಆಪ್, ಸರ್ವರ್‌ನಿಂದ 5 ನಿಮಿಷಕ್ಕೊಂದು ಸೈಲೆಂಟ್ ಪುಶ್ (ಪರದೆಯ ಮೇಲೆ ಏನೂ ತೋರಿಸದೆ ಆಪನ್ನು ಎಬ್ಬಿಸುವ ಸಂದೇಶ), ಆಫೀಸಿನಲ್ಲಿ ಪರೀಕ್ಷಿಸಿದಾಗ ಎಲ್ಲ ಸರಿ, ಡ್ರೈವರ್‌ಗಳ ಐಫೋನಿನಲ್ಲಿ ಮಾತ್ರ ಬೆಟ್ಟ ಹತ್ತಿದ ಮೇಲೆ ಲೊಕೇಶನ್ ಬರುವುದಿಲ್ಲ ಎಂದಿದ್ದೀರಿ. ಎರಡು ತಪ್ಪು ಒಟ್ಟಿಗೆ ಸೇರಿರುವ ಹಾಗಿದೆ.

ಮೊದಲನೆಯದು ಲೆಕ್ಕ. 5 ನಿಮಿಷಕ್ಕೊಂದು ಎಂದರೆ ಗಂಟೆಗೆ 12. ಗಂಟೆಗೆ ಎರಡು ಮೂರಕ್ಕಿಂತ ಹೆಚ್ಚು ಕಳಿಸಬೇಡಿ ಎಂದು ಆಪಲ್ ಹೇಳುತ್ತದೆ. ಮಿಕ್ಕಿದ್ದನ್ನು ಐಓಎಸ್ ತಡೆಹಿಡಿಯಬಹುದು. ಫೋನನ್ನು ಎಕ್ಸ್‌ಕೋಡ್‌ಗೆ (ಐಫೋನ್ ಆಪ್ ಬರೆಯುವ ಆಪಲ್ ತಂತ್ರಾಂಶ) ಸಿಕ್ಕಿಸಿಕೊಂಡು ಪರೀಕ್ಷಿಸುವಾಗ ಈ ಕಡಿವಾಣ ಕಾಣಿಸುವುದಿಲ್ಲ, ಅದಕ್ಕೇ ಆಫೀಸಿನಲ್ಲಿ ನಿಮಗೆ ಗೊತ್ತಾಗಲಿಲ್ಲ.

ಎರಡನೆಯದೇ ಮುಖ್ಯ ಅಂತ ನನಗನಿಸುತ್ತದೆ. ಪ್ರವಾಸಿಗರು ಮೇಲೆ ಮಂಜು ನೋಡುತ್ತಿರುವಾಗ ಜೀಪು ಸುಮ್ಮನೆ ನಿಂತಿರುತ್ತದೆ. ಪಾಸಸ್‌ಲೊಕೇಶನ್‌ಅಪ್‌ಡೇಟ್ಸ್‌ಆಟೋಮ್ಯಾಟಿಕಲಿ ಎಂಬ ಸೆಟ್ಟಿಂಗ್ ತಾನಾಗಿಯೇ 'ಟ್ರೂ' ಇರುತ್ತದೆ. ವಾಹನ ಅಲ್ಲಾಡದಿದ್ದರೆ ಐಓಎಸ್ ಟ್ರ್ಯಾಕಿಂಗ್ ನಿಲ್ಲಿಸಿಬಿಡಬಹುದು. ಜೀಪು ಇಳಿಯತೊಡಗಿದರೂ ಅದು ತಾನಾಗಿ ಮತ್ತೆ ಶುರುವಾಗುವುದಿಲ್ಲ. ಈ ಸೆಟ್ಟಿಂಗನ್ನು 'ಫಾಲ್ಸ್' ಮಾಡಿ. ಡ್ರೈವರ್ ಆಪ್ ತೆರೆದು 'ಟ್ರಿಪ್ ಶುರು' ಒತ್ತಿದಾಗಲೇ ಲೊಕೇಶನ್ ಅಪ್‌ಡೇಟ್ ಪ್ರಾರಂಭಿಸಿ, ಆಪ್ ಹಿನ್ನೆಲೆಯಲ್ಲಿದ್ದಾಗಲೂ ಲೊಕೇಶನ್ ಸಿಗಲು ಅಲೋಸ್‌ಬ್ಯಾಕ್‌ಗ್ರೌಂಡ್‌ಲೊಕೇಶನ್‌ಅಪ್‌ಡೇಟ್ಸ್ 'ಟ್ರೂ' ಇಡಿ, ಡಿಸ್ಟನ್ಸ್ ಫಿಲ್ಟರ್ (ಎಷ್ಟು ದೂರ ಸರಿದ ಮೇಲೆ ಹೊಸ ಲೊಕೇಶನ್ ಕೊಡಬೇಕು ಎಂಬುದು) 100 ಮೀಟರ್ ಸಾಕು.

ಪುಶ್ಶಿನ ಕೆಲಸ ಮಲಗಿದವನನ್ನು ಎಬ್ಬಿಸುವುದಷ್ಟೇ, ಗಡಿಯಾರದ ಕೆಲಸ ಅದಕ್ಕೆ ಕೊಡಬೇಡಿ. ಒಂದು ಜೀಪಿನಿಂದ 20 ನಿಮಿಷ ಸುದ್ದಿಯೇ ಇಲ್ಲದಿದ್ದರೆ ಮಾತ್ರ ಕಳಿಸಿ: ಕಂಟೆಂಟ್-ಅವೈಲಬಲ್ 1, ಪುಶ್ ಟೈಪ್ 'ಬ್ಯಾಕ್‌ಗ್ರೌಂಡ್', ಪ್ರಯಾರಿಟಿ 5. ಅಲರ್ಟ್, ಸೌಂಡ್, ಬ್ಯಾಡ್ಜ್ ಯಾವುದೂ ಬೇಡ. ಎಕ್ಸ್‌ಪೈರಿ 10 ನಿಮಿಷ ಇಡಿ, ಹಳಸಿದ ಪುಶ್ ಬಂದು ಉಪಯೋಗವಿಲ್ಲ. ಎದ್ದ ಆಪ್‌ಗೆ ಸಿಗುವುದು ಸುಮಾರು 30 ಸೆಕೆಂಡು. ಅಷ್ಟರಲ್ಲಿ ಅತಿ ನಿಖರ ಲೊಕೇಶನ್ ಕೇಳುತ್ತ ಕೂತರೆ ಸಮಯ ಮುಗಿಯುತ್ತದೆ. 100 ಮೀಟರ್ ನಿಖರತೆ ಕೇಳಿ, ಸಿಕ್ಕಿದ್ದನ್ನು ಬರೆದಿಟ್ಟು, ಕೆಲಸ ಮುಗಿಯಿತೆಂದು ಐಓಎಸ್‌ಗೆ ತಿಳಿಸುವ ಕಂಪ್ಲೀಷನ್ ಹ್ಯಾಂಡ್ಲರ್ ತಪ್ಪದೆ ಕರೆಯಿರಿ. ಪರ್ಮಿಶನ್ 'ಆಲ್ವೇಸ್' ಇರಲೇಬೇಕು. 'ವೈಲ್ ಯೂಸಿಂಗ್' ಇದ್ದರೆ ಆಪ್ ಎದ್ದರೂ ಲೊಕೇಶನ್ ಸಿಗುವುದಿಲ್ಲ.

ಡ್ರೈವರ್‌ಗಳಿಗೆ ಕೂರಿಸಿ ಹೇಳಬೇಕಾದ ಮಾತು ಒಂದಿದೆ: ಬ್ಯಾಟರಿ ಉಳಿಯಲಿ ಅಂತ ಆಪನ್ನು ಮೇಲಕ್ಕೆ ತಳ್ಳಿ ಮುಚ್ಚಬೇಡಿ. ಹಾಗೆ ಮುಚ್ಚಿದ ಆಪನ್ನು ಸೈಲೆಂಟ್ ಪುಶ್ ಎಬ್ಬಿಸಲಾರದು. ಬ್ಯಾಕ್‌ಗ್ರೌಂಡ್ ಆಪ್ ರಿಫ್ರೆಶ್ ಆಫ್ ಇದ್ದರೂ ಅದೇ ಗತಿ, ಲೋ ಪವರ್ ಮೋಡ್‌ನಲ್ಲೂ ನೆಚ್ಚಿಕೊಳ್ಳುವಂತಿಲ್ಲ.

ಆಂಡ್ರಾಯ್ಡ್‌ನಲ್ಲಿ ಫೋರ್‌ಗ್ರೌಂಡ್ ಸರ್ವಿಸ್ (ನೋಟಿಫಿಕೇಶನ್ ತೋರಿಸುತ್ತ ಸತತ ಓಡುವ ಸೇವೆ) ಓಡಿಸಿ, ಎಫ್‌ಸಿಎಂ (ಗೂಗಲ್‌ನ ಪುಶ್ ಸೇವೆ) ಹೈ ಪ್ರಯಾರಿಟಿ ಡೇಟಾ ಮೆಸೇಜನ್ನು ಅಪರೂಪಕ್ಕೆ ಬಳಸಿ. ಏನೂ ನೋಟಿಫಿಕೇಶನ್ ತೋರಿಸದೆ ಪದೇ ಪದೇ ಕಳಿಸಿದರೆ ಗೂಗಲ್ ಅದನ್ನೂ ನಾರ್ಮಲ್ ಪ್ರಯಾರಿಟಿಗೆ ಇಳಿಸಬಹುದು.

ಇನ್ನು ನಮ್ಮ ಕೊಡಗಿನದೇ ತೊಂದರೆ. ಮಳೆಗಾಲದಲ್ಲಿ ಕರೆಂಟು ಹೋದರೆ ಟವರೂ ಹೋಗುತ್ತದೆ. ನೆಟ್‌ವರ್ಕ್ ಇಲ್ಲದ ಕಡೆ ಪುಶ್ ತಲುಪುವುದಿಲ್ಲ. ನೀವು ನಾಲ್ಕು ಕಳಿಸಿದ್ದರೂ ಆಪಲ್ ಕೊನೆಯದೊಂದನ್ನೇ ಇಟ್ಟುಕೊಂಡಿರುತ್ತದೆ. ಆದರೆ ಜಿಪಿಎಸ್‌ಗೆ ಟವರ್ ಬೇಡ. ಪ್ರತಿ ಬಿಂದುವನ್ನೂ ಅದರ ಸಮಯದ ಜೊತೆ ಫೋನಿನೊಳಗಿನ ಎಸ್‌ಕ್ಯೂಲೈಟ್ ಡೇಟಾಬೇಸಿನಲ್ಲಿ ಬರೆದಿಡಿ, ಸಿಗ್ನಲ್ ಸಿಕ್ಕಾಗ ಒಟ್ಟಿಗೆ ಕಳಿಸಿ. ಮ್ಯಾಪಿನಲ್ಲಿ ಜೀಪಿನ ಪಕ್ಕ '18 ನಿಮಿಷದ ಹಿಂದೆ' ಎಂದು ಬರೆದು ತೋರಿಸಿ. ಕಾಯುತ್ತಿರುವವರಿಗೆ ಅದು ಗೊತ್ತಾಗಲೇಬೇಕು.