ಹೋಂ ರನ್ ನೆರಳಲ್ಲಿ ಮರೆಯಾದವರು

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಹೋಂ ರನ್ ವೀರ ಬೇಬ್ ರೂತ್ ಬಗೆಗಿನ ಲೇಖನ ಓದಿದೆ. ಎಂಟನೇ ತರಗತಿಯಲ್ಲಿರುವ ನನ್ನ ಮಗ ಬೇಸ್‌ಬಾಲ್‌ನಲ್ಲಿ ಮರೆತುಹೋದ ದೊಡ್ಡ ಆಟಗಾರರೊಬ್ಬರ ಬಗ್ಗೆ ಶಾಲೆಗೆ ಬರೆಯಬೇಕಿದೆ. ಕ್ರಿಕೆಟ್ ನೋಡಿ ಬೆಳೆದ ನನಗೆ ಈ ಆಟದ ಅಂಕಿಗಳು ತಲೆಗೆ ಹತ್ತುವುದಿಲ್ಲ. ಯಾರನ್ನು ಆರಿಸಿಕೊಳ್ಳಲಿ? ನೂರು ವರ್ಷದ ಹಿಂದಿನವರನ್ನು ಇಂದಿನವರ ಜೊತೆ ಹೋಲಿಸಬಹುದೇ?
(ನ್ಯೂಜೆರ್ಸಿಯ ಓದುಗರೊಬ್ಬರು)

ಸಂಪಾದಕರ ಉತ್ತರ: ಮೂರು ಹೆಸರು ಕೊಡುತ್ತೇವೆ: ಆರ್ಕಿ ವಾನ್, ಸ್ಯಾಮ್ ಕ್ರಾಫರ್ಡ್, ಆಸ್ಕರ್ ಚಾರ್ಲ್‌ಸ್ಟನ್. ಮೂವರೂ ಹಾಲ್ ಆಫ್ ಫೇಮ್ ಎಂಬ ಬೇಸ್‌ಬಾಲ್‌ನ ಗೌರವ ಪಟ್ಟಿ ಸೇರಿದವರೇ. ಆದರೂ ರೂತ್ ಹೆಸರು ಗೊತ್ತಿರುವ ನೂರು ಜನರಲ್ಲಿ ಇವರನ್ನು ಬಲ್ಲವರು ಒಬ್ಬಿಬ್ಬರು ಸಿಕ್ಕರೆ ಹೆಚ್ಚು. ಮೂವರ ಹಿರಿಮೆಯೂ ಸಾಮಾನ್ಯ ಪ್ರೇಕ್ಷಕ ಎಣಿಸದ ಕಡೆ ಇತ್ತು. ಆದ್ದರಿಂದ ಎಣಿಸುವ ಬಗೆಯಿಂದಲೇ ಶುರುಮಾಡುವುದು ಒಳ್ಳೆಯದು.

ಕ್ರಿಕೆಟ್‌ನ ಸರಾಸರಿ ಎಂದರೆ ಒಂದು ಔಟ್‌ಗೆ ಎಷ್ಟು ರನ್ ಎಂಬ ಲೆಕ್ಕ. ಬೇಸ್‌ಬಾಲ್‌ನ ಬ್ಯಾಟಿಂಗ್ ಸರಾಸರಿ ಎಂದರೆ ಹಿಟ್‌ಗಳನ್ನು 'ಅಟ್ ಬ್ಯಾಟ್'‌ನಿಂದ ಭಾಗಿಸಿದ್ದು. ಹಿಟ್ ಎಂದರೆ ಚೆಂಡನ್ನು ಹೊಡೆದು ಬೇಸ್ ಮುಟ್ಟಿದ್ದು, ಅಟ್ ಬ್ಯಾಟ್ ಎಂದರೆ ಬ್ಯಾಟಿಂಗ್‌ಗೆ ನಿಂತ ಸರದಿ; ರನ್ ಗಳಿಸಲು ಸುತ್ತಿ ಬರಬೇಕಾದ ನಾಲ್ಕು ಗುರುತುಗಳೇ ಬೇಸ್. ಈ ಅಟ್ ಬ್ಯಾಟ್‌ನಲ್ಲಿ ವಾಕ್ ಸೇರುವುದಿಲ್ಲ. ಚೆಂಡೆಸೆಯುವ ಪಿಚರ್ ನಾಲ್ಕು ಚೆಂಡುಗಳನ್ನು ಸ್ಟ್ರೈಕ್ ಝೋನ್‌ನ (ಬ್ಯಾಟರ್ ಮುಂದೆ ಮೊಣಕಾಲಿನಿಂದ ಎದೆಯವರೆಗಿನ ಜಾಗದ) ಹೊರಗೆ ಎಸೆದು, ಬ್ಯಾಟರ್ ಅವುಗಳ ಗೋಜಿಗೆ ಹೋಗದೆ ಬಿಟ್ಟರೆ ಆತ ನೇರ ಮೊದಲ ಬೇಸ್‌ಗೆ ನಡೆಯುತ್ತಾನೆ. ಅದೇ ವಾಕ್. ತಂಡಕ್ಕೆ ಇದು ಭರ್ತಿ ಲಾಭ, ಆದರೆ ಸರಾಸರಿಯಲ್ಲಿ ಇದರ ಸುಳಿವೇ ಇರುವುದಿಲ್ಲ. ವಾನ್ ಕಳೆದುಹೋದದ್ದು ಇಲ್ಲಿ.

ಪಿಟ್ಸ್‌ಬರ್ಗ್ ಪೈರೇಟ್ಸ್‌ನ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವಿನ ಫೀಲ್ಡರ್) ವಾನ್ ಅವರ 1935ರ ಅಂಕಿಗಳನ್ನು ಮಗನ ಮುಂದಿಡಿ. 499 ಅಟ್ ಬ್ಯಾಟ್, 192 ಹಿಟ್. ಭಾಗಿಸಿದರೆ 0.385. ಅದರ ಮೇಲೆ 97 ವಾಕ್, ಚೆಂಡು ಮೈಗೆ ತಾಗಿ ಬೇಸ್ ಸಿಕ್ಕಿದ್ದು 7 ಸಲ. ಆನ್-ಬೇಸ್ ಲೆಕ್ಕಕ್ಕೆ ಮೇಲೆ 192 + 97 + 7 = 296, ಕೆಳಗೆ 499 + 97 + 7 = 603. ಉತ್ತರ 0.491. ಅಂದರೆ ಬ್ಯಾಟ್ ಹಿಡಿದು ನಿಂತಾಗಲೆಲ್ಲ ಹೆಚ್ಚು ಕಡಿಮೆ ಎರಡಕ್ಕೊಂದು ಸಲ ಬೇಸ್ ಮೇಲೆ! ಹಿಟ್‌ಗಳಲ್ಲಿ 34 ಡಬಲ್ (ಎರಡು ಬೇಸ್), 10 ಟ್ರಿಪಲ್ (ಮೂರು ಬೇಸ್), 19 ಹೋಂ ರನ್ (ನಾಲ್ಕೂ ಬೇಸ್). ಡಬಲ್‌ಗೆ ಒಂದು, ಟ್ರಿಪಲ್‌ಗೆ ಎರಡು, ಹೋಂ ರನ್‌ಗೆ ಮೂರು ಬೇಸ್ ಹೆಚ್ಚುವರಿಯಾಗಿ ಕೂಡಿಸಿದರೆ ಒಟ್ಟು 303 ಬೇಸ್. ಅದನ್ನು 499ರಿಂದ ಭಾಗಿಸಿದರೆ 0.607, ಇದು ಸ್ಲಗಿಂಗ್. ಆ ಇಡೀ ವರ್ಷ ಅವರು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಆದದ್ದು ಬರೀ 18 ಸಲ.

ಲೆಕ್ಕ ತಪ್ಪುವ ಜಾಗವೊಂದಿದೆ. 1954ರಿಂದೀಚೆಗೆ ಆನ್-ಬೇಸ್ ಲೆಕ್ಕದ ಭಾಜಕಕ್ಕೆ ಸ್ಯಾಕ್ರಿಫೈಸ್ ಫ್ಲೈಗಳನ್ನೂ (ಬ್ಯಾಟರ್ ಕ್ಯಾಚ್ ಔಟ್ ಆದರೂ ಬೇಸ್ ಮೇಲಿದ್ದ ಓಟಗಾರ ರನ್ ಗಳಿಸುವ ಹೊಡೆತ) ಕೂಡಿಸಬೇಕು. ಈಚಿನ ಆಟಗಾರರ ಲೆಕ್ಕದಲ್ಲಿ ಅದನ್ನು ಬಿಟ್ಟರೆ ಉತ್ತರ ಸ್ವಲ್ಪ ಮೇಲೆ ಹೋಗುತ್ತದೆ.

ಇಷ್ಟೆಲ್ಲ ಆಡಿದರೂ ಆ ವರ್ಷದ ಅತ್ಯುತ್ತಮ ಆಟಗಾರ ಪ್ರಶಸ್ತಿ ನ್ಯಾಷನಲ್ ಲೀಗ್ ಚಾಂಪಿಯನ್ ಷಿಕಾಗೊ ಕಬ್ಸ್‌ನ ಗ್ಯಾಬಿ ಹಾರ್ಟ್‌ನೆಟ್ ಪಾಲಾಯಿತು. ಪೈರೇಟ್ಸ್ ನಾಲ್ಕನೇ ಸ್ಥಾನದಲ್ಲಿತ್ತು. ಎರಡು ಲೀಗ್‌ಗಳ ಆಯ್ದ ಆಟಗಾರರು ಆಡುವ ಆಲ್-ಸ್ಟಾರ್ ಪಂದ್ಯದಲ್ಲಿ, 1941ರಲ್ಲಿ, ವಾನ್ ಎರಡು ಹೋಂ ರನ್ ಹೊಡೆದರು. ಒಂದೇ ಆಲ್-ಸ್ಟಾರ್ ಪಂದ್ಯದಲ್ಲಿ ಎರಡು ಹೊಡೆದ ಮೊದಲಿಗರು ಅವರೇ. ಆದರೆ ಒಂಬತ್ತನೇ ಇನಿಂಗ್ಸ್‌ನಲ್ಲಿ, ಎರಡು ಔಟ್ ಆಗಿದ್ದಾಗ, ಟೆಡ್ ವಿಲಿಯಮ್ಸ್ ಮೂರು ರನ್‌ಗಳ ಹೋಂ ರನ್ ಬಾರಿಸಿ 7-5ಕ್ಕೆ ಪಂದ್ಯ ಮುಗಿಸಿದರು. ಇವತ್ತಿಗೂ ಆ ಪಂದ್ಯ ಅಂದರೆ ವಿಲಿಯಮ್ಸ್. 1943ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್‌ನಲ್ಲಿದ್ದಾಗ ಮ್ಯಾನೇಜರ್ ಲಿಯೊ ಡುರೋಷರ್ ಜೊತೆ ಜಟಾಪಟಿಯಾಯಿತು. ನಂತರದ ಮೂರು ಋತು ವಾನ್ ಕ್ಯಾಲಿಫೋರ್ನಿಯಾದ ತಮ್ಮ ರಾಂಚ್‌ನಲ್ಲೇ ಉಳಿದರು. 1952ರಲ್ಲಿ ಮೀನು ಹಿಡಿಯಲು ಹೋದಾಗ ದೋಣಿ ಮಗುಚಿ ತೀರಿಕೊಂಡಾಗ ಅವರಿಗೆ 40 ವರ್ಷ. ಹಾಲ್ ಆಫ್ ಫೇಮ್ ಗೌರವ ಸಿಕ್ಕಿದ್ದು 1985ರಲ್ಲಿ. ಜೀವಮಾನದಲ್ಲಿ 937 ವಾಕ್, 276 ಸ್ಟ್ರೈಕ್‌ಔಟ್ ಇರುವ ಬ್ಯಾಟರ್‌ನನ್ನು ಇಷ್ಟು ಕಾಲ ಹೊರಗಿಟ್ಟದ್ದು ಅನ್ಯಾಯವೆಂದೇ ನಮ್ಮ ಅಭಿಪ್ರಾಯ.

ಕ್ರಾಫರ್ಡ್ ಅವರದು ಬೇರೆ ಕಥೆ. ನೆಬ್ರಾಸ್ಕಾದ ವಾಹೂ ಊರಿನವರು, 1899ರಿಂದ 1917ರವರೆಗೆ ಸಿನ್ಸಿನಾಟಿ ಮತ್ತು ಡೆಟ್ರಾಯಿಟ್‌ಗೆ ಆಡಿದರು. 309 ಟ್ರಿಪಲ್‌ಗಳ ಅವರ ದಾಖಲೆ ಇಂದಿಗೂ ಅಳಿದಿಲ್ಲ, ಅಳಿಯುವ ಸಂಭವವೂ ಇಲ್ಲ. ಕಾರಣ ಮೈದಾನದಲ್ಲಿದೆ. ಟ್ರಿಪಲ್‌ಗೆ 90 ಅಡಿಯಂತೆ ಮೂರು ಬೇಸ್, ಅಂದರೆ 270 ಅಡಿ ಓಡಬೇಕು. ಇಂದಿನ ವೇಗದ ಓಟಗಾರರಿಗೂ 11 ಸೆಕೆಂಡ್ ಆಸುಪಾಸು ಬೇಕು. ಅಷ್ಟು ಹೊತ್ತು ಚೆಂಡು ಇಬ್ಬರು ಔಟ್‌ಫೀಲ್ಡರ್‌ಗಳ ನಡುವೆ ಉರುಳುತ್ತಲೇ ಇರಬೇಕು. ಆಗಿನ ಮೈದಾನಗಳು ಅಷ್ಟು ವಿಶಾಲ. ಪಿಟ್ಸ್‌ಬರ್ಗ್‌ನ ಫೋರ್ಬ್ಸ್ ಫೀಲ್ಡ್‌ನಲ್ಲಿ ಎಡ-ಮಧ್ಯದ ಗೋಡೆ 457 ಅಡಿ ದೂರವಿತ್ತು. ಚೆಂಡನ್ನೂ ಸುಲಭಕ್ಕೆ ಬದಲಿಸುತ್ತಿರಲಿಲ್ಲ. ಕೊಳೆಯಾಗಿ ಮೆತ್ತಗಾದ ಚೆಂಡು ಗೋಡೆ ದಾಟುವುದು ಅಪರೂಪ. 1908ರಲ್ಲಿ ಕ್ರಾಫರ್ಡ್ ಲೀಗ್‌ಗೇ ಮೊದಲಿಗರಾದದ್ದು 7 ಹೋಂ ರನ್‌ಗಳಿಂದ! 1920ರಲ್ಲಿ ಬ್ಯಾಟರ್ ರೇ ಚಾಪ್‌ಮನ್ ತಲೆಗೆ ಚೆಂಡು ಬಡಿದು ಸತ್ತ ಮೇಲೆ ಬಿಳಿ ಚೆಂಡನ್ನೇ ಬಳಕೆಯಲ್ಲಿಡುವುದು ರೂಢಿಗೆ ಬಂತು. ಹೋಂ ರನ್ ಯುಗ ಬೆಳೆದಂತೆ ಟ್ರಿಪಲ್ ವೀರರು ಹಳಬರಾದರು. ಜೊತೆಗೆ ಡೆಟ್ರಾಯಿಟ್‌ನಲ್ಲಿ ಕ್ರಾಫರ್ಡ್ ಪಕ್ಕದಲ್ಲೇ, ಅದೇ ಔಟ್‌ಫೀಲ್ಡ್‌ನಲ್ಲಿ ಟೈ ಕಾಬ್ ಇದ್ದರು, ಟ್ರಿಪಲ್ ಪಟ್ಟಿಯಲ್ಲಿ 295ರೊಂದಿಗೆ ಎರಡನೆಯವರು. ಉಳಿದ ಪ್ರಸಿದ್ಧಿಯೆಲ್ಲ ಅವರಿಗೇ ಹೋಯಿತು.

ಚಾರ್ಲ್‌ಸ್ಟನ್ ಅವರನ್ನು ಮರೆಸಿದ್ದು ವರ್ಣಭೇದ. ಇಂಡಿಯಾನಾಪೊಲಿಸ್‌ನ ಈ ಎಡಗೈ ಆಟಗಾರನಿಗೆ ಮೇಜರ್ ಲೀಗ್ ಬಾಗಿಲೇ ತೆರೆಯಲಿಲ್ಲ. 1947ರಲ್ಲಿ ಕಪ್ಪು ಆಟಗಾರ ಜಾಕಿ ರಾಬಿನ್ಸನ್ ಆ ಬಾಗಿಲು ದಾಟಿದಾಗ ಚಾರ್ಲ್‌ಸ್ಟನ್‌ಗೆ ಐವತ್ತು ವರ್ಷ. ಹೊರಗಿಡಲ್ಪಟ್ಟ ಕಪ್ಪು ಆಟಗಾರರು ಆಡುತ್ತಿದ್ದ ನೀಗ್ರೋ ಲೀಗ್‌ಗಳ ಅಂಕಿಗಳನ್ನು 2024ರಲ್ಲಿ ಮೇಜರ್ ಲೀಗ್ ದಾಖಲೆಗೆ ಸೇರಿಸಿದಾಗ ಜೀವಮಾನದ ಸರಾಸರಿಯಲ್ಲಿ ಜಾಶ್ ಗಿಬ್ಸನ್ 0.372ರಿಂದ ಮೊದಲಿಗರಾದರು, ಕಾಬ್ 0.367ರಿಂದ ಎರಡನೆಯವರು, ಚಾರ್ಲ್‌ಸ್ಟನ್ 0.363ರಿಂದ ಮೂರನೆಯವರು. ಇಲ್ಲಿ ಎಚ್ಚರ ಬೇಕು. ಆ ಲೀಗ್‌ಗಳ ಋತುವಿನಲ್ಲಿ ಲೆಕ್ಕಕ್ಕೆ ಬರುವ ಪಂದ್ಯಗಳು ಹೆಚ್ಚಾಗಿ 60ರಿಂದ 80. ಊರೂರು ಸುತ್ತಿ ಆಡಿದ ನೂರಾರು ಪಂದ್ಯ ಹೊರಗುಳಿದಿವೆ. ಒಂದು ಋತುವಿನ ಸರಾಸರಿ ಪಟ್ಟಿಗೆ ಬರಲು ತಂಡದ ಪ್ರತಿ ಪಂದ್ಯಕ್ಕೆ 3.1 ಸಲ ಬ್ಯಾಟಿಂಗ್‌ಗೆ ಬಂದಿರಬೇಕು: 162 ಪಂದ್ಯಕ್ಕೆ 502 ಸಲ, 60 ಪಂದ್ಯಕ್ಕೆ 186 ಸಲ. ಆದ್ದರಿಂದ ಹೋಂ ರನ್, ಹಿಟ್‌ಗಳ ಒಟ್ಟು ಸಂಖ್ಯೆಯಲ್ಲಿ ಅವರನ್ನು ಯಾರೊಂದಿಗೂ ತೂಗಬೇಡಿ, ಸರಾಸರಿಗಳಲ್ಲಿ ತೂಗಿ.

ಹೋಲಿಕೆಯ ಪ್ರಶ್ನೆಗೆ ಬಂದರೆ, ಓಪಿಎಸ್ ಪ್ಲಸ್ ಎಂಬ ಕಾಲಂ ನೋಡಿ. ಆನ್-ಬೇಸ್, ಸ್ಲಗಿಂಗ್ ಎರಡನ್ನೂ ಆಯಾ ವರ್ಷದ ಲೀಗ್‌ಗೆ, ತವರು ಮೈದಾನಕ್ಕೆ ಹೊಂದಿಸಿ ಸಾಮಾನ್ಯ ಮಟ್ಟವನ್ನು 100 ಎಂದಿಟ್ಟ ಅಂಕಿ ಅದು. ವಾನ್ ಅವರ 1935 ಅದರಲ್ಲಿ 190. ಆದರೆ ಫೀಲ್ಡಿಂಗ್, ಬೇಸ್ ಓಟ ಇದರಲ್ಲಿ ಸೇರಿಲ್ಲ. ಶಾರ್ಟ್‌ಸ್ಟಾಪ್ ಫೀಲ್ಡಿಂಗ್ ಹೆಚ್ಚು ಕಷ್ಟದ್ದು; ಹಾಗಾಗಿ ಶಾರ್ಟ್‌ಸ್ಟಾಪ್‌ನ 190 ಮೊದಲ ಬೇಸ್‌ಮನ್‌ನ 190ಕ್ಕಿಂತ ಬೆಲೆಬಾಳುತ್ತದೆ.

ಮಗನ ಬರಹಕ್ಕೆ ನಮ್ಮ ಆಯ್ಕೆ ವಾನ್. ಅಂಕಿಗಳೆಲ್ಲ ಪೂರ್ತಿ ಸಿಗುತ್ತವೆ, ಲೆಕ್ಕವನ್ನು ಹುಡುಗ ತಾನೇ ಮಾಡಬಹುದು. 1934 ಮತ್ತು 1936ರಲ್ಲೂ ವಾಕ್, ಆನ್-ಬೇಸ್ ಎರಡರಲ್ಲೂ ಲೀಗ್‌ಗೆ ಅವರೇ ಮೊದಲು. ಆ ಎರಡು ವರ್ಷಗಳನ್ನೂ ಇದೇ ಕ್ರಮದಲ್ಲಿ ಬಿಡಿಸಲು ಹೇಳಿ.